ನವೆಂಬರ್ 1: ಕಬಿನಿಯ ಈಚೆ ರಜೆ, ಆಚೆ ಕೆಲಸ

ಯುಗಾದಿಯ ದಿನ ಎಚ್.ಡಿ. ಕೋಟೆಯ ತಾಲ್ಲೂಕು ಕಚೇರಿಗೆ ಬೀಗ, ಕೇರಳದ ಮಾನಂದವಾಡಿಯಲ್ಲಿ ಮಾತ್ರ ಎಲ್ಲ ಕಚೇರಿಯೂ ತೆರೆದಿರುತ್ತದೆ, ದೇಶ ಒಂದೇ ಅಲ್ಲವೇ ಎಂದು ಕೇಳಿದ್ದೀರಿ. ದೇಶ ಒಂದೇ, ರಜೆ ಘೋಷಿಸುವವರು ಬೇರೆ. ರಾಷ್ಟ್ರೀಯ ರಜೆ ಅಂತ ಇರುವುದು ಮೂರೇ ದಿನ: ಜನವರಿ 26, ಆಗಸ್ಟ್ 15, ಅಕ್ಟೋಬರ್ 2. ಮಿಕ್ಕಿದ್ದನ್ನು ಆಯಾ ರಾಜ್ಯ ವರ್ಷಾವರ್ಷ ಪಟ್ಟಿ ಮಾಡಿ ಹೊರಡಿಸುತ್ತದೆ.

ಇದರ ಬೇರು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿದೆ. ಪ್ರಾಮಿಸರಿ ನೋಟು (ಇಂತಿಷ್ಟು ಹಣ ಕೊಡುತ್ತೇನೆ ಅಂತ ಬರೆದುಕೊಡುವ ಪತ್ರ), ಚೆಕ್ಕುಗಳ ಕಾಯ್ದೆ ಅದು. ನೋಟಿನ ಗಡುವು ರಜೆಯ ದಿನ ಬಿದ್ದರೆ ಅದರ ಹಿಂದಿನ ಕೆಲಸದ ದಿನವೇ ಹಣ ಕೊಡಬೇಕು ಅಂತ 25ನೇ ಕಲಮು ಹೇಳುತ್ತದೆ. ಹಾಗಾದರೆ ರಜೆ ಯಾವುದು? ಭಾನುವಾರ, ಮತ್ತು ಸರ್ಕಾರ ಗೆಜೆಟ್‌ನಲ್ಲಿ ಘೋಷಿಸಿದ ದಿನಗಳು. ಹೀಗೆ ಘೋಷಿಸುವ ಅಧಿಕಾರವನ್ನು ಕೇಂದ್ರ 1957ರಲ್ಲಿ ರಾಜ್ಯಗಳಿಗೆ ವಹಿಸಿತು. ಹಾಗಾಗಿ ಸೋಮವಾರವೋ ಬುಧವಾರವೋ ತಾನಾಗಿಯೇ ಸಾರ್ವತ್ರಿಕ ರಜೆ ಆಗುವುದಿಲ್ಲ. ಆದೇಶ ಬೇಕು.

ನಮ್ಮ ಡಿ.ಬಿ. ಕುಪ್ಪೆಗೆ ಬಂದರೆ ಇದು ಕಣ್ಣಿಗೇ ಕಾಣುತ್ತದೆ. ಅಲ್ಲಿ ಕಬಿನಿ ಹೊಳೆಯೇ ಗಡಿ, ಎದುರು ದಡ ಕೇರಳದ ಪೆರಿಕ್ಕಲ್ಲೂರು. ದೋಣಿ ಹತ್ತಿ ಆಚೆ ಇಳಿದರೆ ರಜೆಯ ಪಟ್ಟಿಯೇ ಬೇರೆ. ಓಣಂ ಬಂದರೆ ಅಲ್ಲಿ ಸಾಲಾಗಿ ರಜೆ, ನಮ್ಮ ಮಕ್ಕಳು ಸ್ಕೂಲಿಗೆ ಹೋಗುತ್ತಾರೆ. ಬಸವ ಜಯಂತಿ, ಕನಕ ಜಯಂತಿಗೆ ನಮಗೆ ರಜೆ, ಅವರಿಗಿಲ್ಲ. ನನ್ನ ಮನಸ್ಸಿಗೆ ತೀರಾ ತಟ್ಟುವುದು ನವೆಂಬರ್ 1. ಎರಡೂ ರಾಜ್ಯಗಳು ರೂಪುಗೊಂಡಿದ್ದು 1956ರ ಅದೇ ದಿನ. ಈಚೆ ಬಾವುಟ ಹಾರಿಸಿ, ಭುವನೇಶ್ವರಿಗೆ ಪೂಜೆ ಮಾಡಿ, ಕಚೇರಿ ಮುಚ್ಚುತ್ತೇವೆ. ಆಚೆ ಕೇರಳಪ್ಪಿರವಿ ಅಂತ ಹೆಂಗಸರು ಜರಿಯಂಚಿನ ಬಿಳಿ ಸೀರೆ ಉಟ್ಟು ಕಚೇರಿಗೆ ಬರುತ್ತಾರೆ, ಕೆಲಸ ಎಂದಿನಂತೆ ನಡೆಯುತ್ತದೆ. ಒಂದೇ ಹುಟ್ಟುಹಬ್ಬವನ್ನು ಎರಡು ದಡ ಎರಡು ಥರ ಮಾಡುವುದು ನನಗೆ ಇಷ್ಟ.

ರಾಜ್ಯದ ಒಳಗೂ ಭೇದವಿದೆ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ ಕೊಡಗಿಗೆ ಮಾತ್ರ ಸ್ಥಳೀಯ ರಜೆ, ಪಕ್ಕದ ಪಿರಿಯಾಪಟ್ಟಣಕ್ಕಿಲ್ಲ. ರಜೆ ಪುಕ್ಕಟೆಯೂ ಅಲ್ಲ. 2019ರಲ್ಲಿ ನಮ್ಮ ಸರ್ಕಾರಿ ನೌಕರರಿಗೆ ನಾಲ್ಕನೇ ಶನಿವಾರ ಬಿಡುವು ಕೊಟ್ಟಾಗ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿದರು.

ಸರ್ಕಾರದ ಪಟ್ಟಿಯಲ್ಲಿಲ್ಲದ ಬಿಡುವೂ ಉಂಟು. ಸೋಮವಾರ ಬಸವಣ್ಣನ ವಾರ, ನಮ್ಮಪ್ಪ ಆವತ್ತು ಎತ್ತಿನ ಹೆಗಲ ಮೇಲೆ ನೊಗ ಇಡುತ್ತಿರಲಿಲ್ಲ. ಮೈ ತೊಳೆದು, ಕೊಂಬಿಗೆ ಅರಿಸಿನ ಕುಂಕುಮ ಹಚ್ಚಿ, ಹಸಿ ಹುಲ್ಲು ಹಾಕುತ್ತಿದ್ದರು. ಮೈಸೂರಿಗೆ ಹೋದರೆ ಮಂಗಳವಾರ ಕ್ಷೌರದಂಗಡಿಗೂ ಮೃಗಾಲಯಕ್ಕೂ ವಾರದ ರಜೆ. ಯಾವ ಗೆಜೆಟ್ಟೂ ಇವನ್ನು ಸಾರ್ವತ್ರಿಕ ರಜೆ ಅನ್ನುವುದಿಲ್ಲ.

ಕೂಲಿಯವರ ವಿಚಾರ ಹೇಳಲೇಬೇಕು. ಈ ಕಡೆಯ ಹಾಡಿಗಳಿಂದ, ಅಂದರೆ ಆದಿವಾಸಿಗಳ ಕೇರಿಗಳಿಂದ, ಆಚೆಯ ವಯನಾಡಿಗೆ ಕಾಫಿ, ಮೆಣಸು ಕೊಯ್ಯಲು ಹೋಗುವವರಿಗೆ ಯಾವ ಪಟ್ಟಿಯ ರಜೆಯೂ ಸಂಬಳದ ದಿನವಲ್ಲ. ಹೋದರೆ ಕೂಲಿ, ಹೋಗದಿದ್ದರೆ ಇಲ್ಲ. ಆದರೆ ಮತದಾನದ ದಿನ ಹಾಗಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಪ್ರಕಾರ ವೋಟಿನ ಹಕ್ಕುಳ್ಳ ಕೆಲಸಗಾರರಿಗೆ ಅಂದು ಕೂಲಿ ಸಮೇತ ರಜೆ ಕೊಡಬೇಕು, ದಿನಗೂಲಿಯವರಿಗೂ. 2024ರ ಏಪ್ರಿಲ್ 26ರಂದು ಎರಡೂ ಕಡೆ ಒಟ್ಟಿಗೆ ಲೋಕಸಭೆ ಮತದಾನ ನಡೆದಿದ್ದರಿಂದ ತೊಡಕಾಗಲಿಲ್ಲ. 2023ರ ಮೇ 10ರ ಬುಧವಾರ ವಿಧಾನಸಭೆ ಮತದಾನ ನಮ್ಮಲ್ಲಿ ಮಾತ್ರ; ಆಚೆ ತೋಟಗಳಿಗೆ ಮಾಮೂಲಿ ಕೆಲಸದ ದಿನ. ಅಂಥ ದಿನ ಊರಿಗೆ ಬಂದು ವೋಟು ಹಾಕಿದರೆ ಆವತ್ತಿನ ಕೂಲಿ ಕೇಳುವ ಹಕ್ಕಿದೆ ಅಂತ ಹಾಡಿ ಹಾಡಿಯಲ್ಲೂ ಮೊದಲೇ ತಿಳಿಸಬೇಕು.

ನಿಮಗೆ ಎರಡೂ ಕಡೆ ಕಚೇರಿ ಕೆಲಸ ಇದ್ದರೆ ಎರಡೂ ರಾಜ್ಯದ ಪಟ್ಟಿ ನೋಡಿಕೊಂಡು ಹೊರಡಿ. ಬಾವಲಿ ಚೆಕ್‌ಪೋಸ್ಟ್ ದಾರಿಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ, ಕಾಡಿನ ದಾರಿ. ಬೆಳಿಗ್ಗೆಯೇ ದಾಟಿಬಿಡಿ.