ಮುಂದಿನ ಸಲ ಒಂದೂವರೆ ಪಟ್ಟು ಕೋಟ್ ಮಾಡಲಾ?

ಕೋಟೇಶನ್ ಬರೆಯೋದು ಹೇಗೆ, ಯಾವ ಫಾರ್ಮ್ಯಾಟ್ ಎಂದು ಕೇಳಿದವರಿಗೆ ಇಲ್ಲಿ ಉತ್ತರ ಇಲ್ಲ. ಅದು ಎಲ್ಲ ಕಡೆ ಸಿಗುತ್ತದೆ. ಪದೇ ಪದೇ ಬರುವ ಈ ಪ್ರಶ್ನೆ ನೋಡೋಣ.

ಪ್ರಶ್ನೆ: ಸಣ್ಣ ಕಟ್ಟಡವೊಂದರ ಸ್ಟ್ರಕ್ಚರಲ್ ಡಿಸೈನ್‌ಗೆ (ಬೀಮು, ಕಂಬ, ಪಾಯದ ಲೆಕ್ಕ ಮತ್ತು ಡ್ರಾಯಿಂಗ್) 80 ಗಂಟೆ ಲೆಕ್ಕ ಹಿಡಿದು ಇಡೀ ಕೆಲಸಕ್ಕೆ ಒಂದೇ ಮೊತ್ತ ಹೇಳಿದ್ದೆ. 140 ಗಂಟೆ ಹಿಡಿಯಿತು. ಮುಂದಿನ ಸಲ ಒಂದೂವರೆ ಪಟ್ಟು ಹಾಕಲಾ?

ಬೇಡ. ಹಾಗೆ ಹಾಕಿದರೆ ಒಳ್ಳೆಯ ಗಿರಾಕಿ ಬೇರೆಯವರ ಹತ್ತಿರ ಹೋಗುತ್ತಾನೆ. ಕಾಟ ಕೊಡುವವನು ಒಪ್ಪಿಕೊಂಡು 200 ಗಂಟೆ ದುಡಿಸುತ್ತಾನೆ.

ಆ ಹೆಚ್ಚುವರಿ 60 ಗಂಟೆ ಎಲ್ಲಿ ಹೋಯಿತು ಅಂತ ಮೊದಲು ನೋಡಿ. ಲೆಕ್ಕಾಚಾರದಲ್ಲಂತೂ ಹೋಗಿರಲಿಕ್ಕಿಲ್ಲ. ಆರ್ಕಿಟೆಕ್ಟ್ ಕಂಬ ಸರಿಸಿರುತ್ತಾರೆ. ಕಂಟ್ರಾಕ್ಟರ್ ಸಂಜೆ ಫೋನ್ ಮಾಡಿ 'ಸಾರ್, ಈ ಸೈಜಿನ ಕಂಬಿ ಸಿಗ್ತಿಲ್ಲ, ಬೇರೆ ಹಾಕಲಾ?' ಅಂದಿರುತ್ತಾನೆ. ಮಾಲೀಕರು 'ಮೇಲೊಂದು ಟ್ಯಾಂಕ್ ಇರಲಿ, ಅಷ್ಟೇ' ಅಂದಿರುತ್ತಾರೆ. ಅಷ್ಟೇ ಅಲ್ಲ! ಸಾವಿರ ಲೀಟರ್ ನೀರು ಅಂದರೆ ಒಂದು ಟನ್. ಅದರ ಕೆಳಗಿನ ಬೀಮು, ಕಂಬ, ಪಾಯ ಎಲ್ಲ ಮತ್ತೆ ನೋಡಬೇಕು, ಡ್ರಾಯಿಂಗ್ ತಿದ್ದಬೇಕು. ನೀವು ಸುಮ್ನೆ ಮಾಡಿಕೊಟ್ಟಿರಿ, ಅಲ್ವಾ?

ಏನೇನು ಸೇರಿಲ್ಲ ಅಂತ ಕೋಟ್‌ನಲ್ಲೇ ಬರೆಯಿರಿ. ಮಣ್ಣು ಪರೀಕ್ಷೆ ವರದಿ ಕೊಡುವುದು ಗಿರಾಕಿಯ ಕೆಲಸ. ಆರ್ಕಿಟೆಕ್ಟಿನ ಪ್ಲಾನ್ ಇಂಥ ತಾರೀಖಿನದು. ತಿದ್ದುಪಡಿ ಎರಡು ಸಲ, ಸೈಟ್ ಭೇಟಿ ಮೂರು ಸಲ, ಆಮೇಲಿನದೆಲ್ಲ ಗಂಟೆ ಲೆಕ್ಕ, ದರ ಇಷ್ಟು. ಬದಲಾವಣೆ ಕೇಳಿದ ದಿನವೇ ಅದಕ್ಕೆಷ್ಟು ಅಂತ ಬರೆದು ಕಳಿಸಿ, ಒಪ್ಪಿಗೆ ಬಂದ ಮೇಲೆ ಕೈಹಾಕಿ. ಕೆಲಸ ಮುಗಿಸಿ ಬಿಲ್ ಕೊಟ್ಟರೆ ಜಗಳ ಗ್ಯಾರಂಟಿ. ಇನ್ನು, ಗಂಟೆ ಅಂದಾಜನ್ನು ಡ್ರಾಯಿಂಗ್ ಶೀಟಿನ ಲೆಕ್ಕದಲ್ಲಿ ಹಾಕಿ. ಚೆಕಿಂಗ್, ಮೀಟಿಂಗ್, ಕಂಟ್ರಾಕ್ಟರ್ ಪ್ರಶ್ನೆಗಳಿಗೆ ಬೇರೆ ಬೇರೆ ಸಾಲು ಇರಲಿ.

ಗಂಟೆ ದರ ಅಂದರೂ ಎಡವುವವರೇ ಜಾಸ್ತಿ. ವಾರಕ್ಕೆ 40 ಗಂಟೆಯಂತೆ ವರ್ಷಕ್ಕೆ 2080 ಗಂಟೆ. ರಜೆ, ಹುಷಾರಿಲ್ಲದ ದಿನ, ಲೆಕ್ಕಪತ್ರ, ಬಾಕಿ ವಸೂಲಿ ಕಳೆದರೆ ಬಿಲ್ ಮಾಡಲು ಉಳಿಯುವುದು 1200 ಆದರೆ ದೊಡ್ಡದು. ಖರ್ಚು, ಸಂಬಳ, ಲಾಭ ಕೂಡಿಸಿ 2080ರಿಂದ ಭಾಗಿಸಿದರೆ ದರ ಶೇ. 42ರಷ್ಟು ಕಮ್ಮಿ ಬೀಳುತ್ತದೆ. ಸಿಗದೇ ಹೋದ ಟೆಂಡರ್‌ಗಳ ಖರ್ಚೂ ಇದರಲ್ಲೇ ಬರಬೇಕು. ಪ್ರತಿ ಟೆಂಡರ್‌ಗೆ 20 ಗಂಟೆ ಹಿಡಿದು ಐದರಲ್ಲಿ ಒಂದು ಸಿಕ್ಕರೆ, ಆ ಒಂದಕ್ಕೆ 100 ಗಂಟೆ ಬಿದ್ದಂತಾಯಿತು. ಅದಕ್ಕೇ ಕಂಡ ಟೆಂಡರ್‌ಗೆಲ್ಲ ಅರ್ಜಿ ಹಾಕಬೇಡಿ ಅನ್ನೋದು.

ಪ್ರಶ್ನೆ: ಗಂಟೆ ದರಕ್ಕೆ ಸಂಬಳದ ಮೂರು ಪಟ್ಟು ಹಾಕಿದರೆ ಸಾಕು ಅಂತ ವಿಡಿಯೋದಲ್ಲಿ ಹೇಳಿದರು.

ನಿಮ್ಮ ಬಾಡಿಗೆ, ಸಾಫ್ಟ್‌ವೇರ್, ವಿಮೆ ಎಷ್ಟು ಅಂತ ಆ ವಿಡಿಯೋದವರಿಗೆ ಗೊತ್ತಾ?

ಪ್ರಶ್ನೆ: ಶೇ. 10 ರಿಯಾಯಿತಿ ಕೊಟ್ಟರೆ ಏನು ಮಹಾ?

ಹೇಳಿದ ಬೆಲೆಯಲ್ಲಿ ಲಾಭ ಶೇ. 20 ಇದ್ದರೆ ಅದರಲ್ಲಿ ಅರ್ಧ ಹೋಯಿತು. ಬೆಲೆ ಇಳಿಸಲೇಬೇಕಾದರೆ ಕೆಲಸವನ್ನೂ ಇಳಿಸಿ.

ಪ್ರಶ್ನೆ: ಮೊದಲ ಕೆಲಸ ಕಮ್ಮಿಗೆ ಮಾಡಿಕೊಟ್ಟರೆ ಮುಂದೆ ಜಾಸ್ತಿ ಕೊಡುತ್ತಾರಾ?

ಇಲ್ಲ.

ಪ್ರಶ್ನೆ: ಮುಂಗಡ ಕೇಳಿದರೆ ಬೇಸರ ಮಾಡಿಕೊಳ್ಳಲ್ವಾ?

ಮಾಡಿಕೊಳ್ಳಲಿ, ಕೇಳಿ. ಕೊನೆಯ ಕಂತನ್ನು ಮಾತ್ರ 'ಕಟ್ಟಡ ಮುಗಿದ ಮೇಲೆ' ಅಂತ ಬರೆಯಬೇಡಿ, 'ಡ್ರಾಯಿಂಗ್ ಕೊಟ್ಟ ದಿನ' ಅಂತ ಬರೆಯಿರಿ. ಕಟ್ಟಡ ಯಾವಾಗ ಮುಗಿಯುತ್ತದೋ ಅದು ನಿಮ್ಮ ಕೈಲಿಲ್ಲ.