ಕೊಕ್ಕೊ ಕಾಯಿ ಕಪ್ಪಾಗುವುದಕ್ಕೆ ಬೋರ್ಡೋ: ಪ್ರತಿಕ್ರಿಯೆ

ಅಡಿಕೆಗೆ ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿದ ದ್ರಾವಣ) ಹೊಡೆದರೂ ಕೆಳಗಿನ ಕೊಕ್ಕೊ ಕಾಯಿ ಕಪ್ಪಾಗುತ್ತಿದೆ, ಪ್ರಮಾಣ ಜಾಸ್ತಿ ಮಾಡಲೇ ಎಂದು ಕೇಳಿದ್ದೀರಿ. ಬೇಡ. ಶೇ. 1ರ ದ್ರಾವಣವೇ ಸಾಕು.

ಅಡಿಕೆಗೆ ಹೊಡೆದದ್ದು ಗೊನೆಗೆ ಬಿದ್ದಿರುತ್ತದೆ, ಕೊಕ್ಕೊ ಕಾಯಿಗೆ ಅಲ್ಲ. ಕಾಯಿ ಬರುವುದು ಕಾಂಡ, ಕೊಂಬೆಗಳ ಮೇಲೆ, ಅಲ್ವಾ? ಅದನ್ನೇ ಗುರಿಯಿಟ್ಟು ನೆನೆಸಬೇಕು. ಇನ್ನೊಂದು, ಬೋರ್ಡೋ ರೋಗ ಬರದಂತೆ ತಡೆಯುತ್ತದೆಯೇ ಹೊರತು ಬಂದದ್ದನ್ನು ವಾಸಿ ಮಾಡುವುದಿಲ್ಲ. ಮಳೆ ಹಿಡಿಯುವ ಮೊದಲೇ ಒಂದು ಸಲ, ಮತ್ತೆ ಸುಮಾರು 40-45 ದಿನಕ್ಕೆ ಮಳೆ ಬಿಟ್ಟು ಹೊಳವಾದಾಗ ಇನ್ನೊಂದು ಸಲ ಹೊಡೆಯಿರಿ.

100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಟ್ಟ ಸುಣ್ಣ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತಿನ ನೀರನ್ನು ಸುರಿಯಬೇಕು. ಉಲ್ಟಾ ಮಾಡಬೇಡಿ. ಹೊಳೆಯುವ ಕಬ್ಬಿಣದ ಚೂರಿ ಅದ್ದಿ ನೋಡಿ, ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಲದು. ಕಲಸಿದ್ದನ್ನು ಅದೇ ದಿನ ಮುಗಿಸಿ.

ನನ್ನ ಪ್ರಕಾರ ಔಷಧಿಗಿಂತ ಮುಖ್ಯ ಕತ್ತಿಯ ಕೆಲಸ. ಈ ಕೊಳೆ ತರುವ ಫೈಟಾಫ್ಥೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ ಮಳೆಹನಿ ಸಿಡಿದಾಗ ಕಾಯಿಂದ ಕಾಯಿಗೆ ಹೋಗುತ್ತದೆ. ಕಪ್ಪು ಕಾಯಿ ಮರದಲ್ಲೇ ಬಿಟ್ಟು ಹೊಡೆದರೆ ಸುಮ್ನೆ ದುಡ್ಡು ದಂಡ. ವಾರಕ್ಕೊಮ್ಮೆ ಕಿತ್ತು ಹೂತುಹಾಕಿ, ದಟ್ಟ ಕೊಂಬೆ ಸವರಿ ಗಾಳಿ ಬೆಳಕು ಬಿಡಿ. ಬಲಿತ ಕಾಯಿಗೆ ಈಗಷ್ಟೇ ಕಲೆ ಬಿದ್ದಿದ್ದರೆ ಒಡೆದು ನೋಡಿ, ಬೀಜ ಚೆನ್ನಾಗಿಯೇ ಇರಬಹುದು.