ಹಿಂಬರಹ ಕೇಳಿ ತಗೊಳ್ಳಿ

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಪತ್ರಗಳು ಒಂದೇ ಮಾತಿನಿಂದ ಶುರುವಾಗಿವೆ. "ಆಫೀಸಿಗೆ ಹೋಗಿದ್ದೆವು, ನಾಳೆ ಬಾ ಅಂದರು." ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆಯಿಂದ ಇದೇ ಮಾತು. ಅದಕ್ಕೇ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವಕ್ಕೆ ಜಾಗ ಕೊಟ್ಟಿದ್ದೇನೆ. ಹೆಸರು, ಊರು ಹಾಕಿಲ್ಲ, ತಾಲ್ಲೂಕು ಮಾತ್ರ ಇದೆ.

ಪ್ರಶ್ನೆ: ಅಕ್ಕಾವ್ರಿಗೆ ನಮಸ್ಕಾರ. ನಮ್ಮದು ತಾಂಡಾ. ಮನೆಗೆ ಹಕ್ಕುಪತ್ರ ಬಂದಿದೆ. ನಲ್ಲಿ ಮಾತ್ರ ಕೆಳಗಿನ ಓಣಿತನಕ ಬಂದು ನಿಂತುಬಿಟ್ಟಿದೆ, ಮೇಲಿನ ನಮ್ಮ ಹನ್ನೊಂದು ಮನೆಗೆ ಬಂದಿಲ್ಲ. ಕೇಳಿದರೆ, ಗ್ರಾಮಸಭೆಯಲ್ಲಿ ಹೇಳಬೇಕಿತ್ತು ಅನ್ನುತ್ತಾರೆ. ಸಭೆ ಆಗಿದ್ದೇ ನಮಗೆ ಗೊತ್ತಿಲ್ಲ. ನಾವು ದೀಪಾವಳಿ ಮುಗಿಸಿ ಕಬ್ಬು ಕಡಿಯಲು ಹೋಗಿ ಯುಗಾದಿಗೆ ಬರುವವರು. ಏನು ಮಾಡಬೇಕು?
— ಓದುಗರು, ಚಿತ್ತಾಪುರ ತಾಲ್ಲೂಕು

ಉತ್ತರ: ತಂಗೀ, ಮೊದಲು ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೋ. ನೀನು ಯಾರ ಹತ್ತಿರವೂ ಬೇಡಲು ಹೋಗುತ್ತಿಲ್ಲ. ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಅಧ್ಯಕ್ಷರು ಹೇಗೋ ಹಾಗೇ ನೀನೂ ಆ ಸಭೆಯ ಸದಸ್ಯೆ.

2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿ ಕೈಯಿಂದ ಹಕ್ಕುಪತ್ರ ಹಂಚಿದರಲ್ಲ, ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಐದು ಜಿಲ್ಲೆ ಸೇರಿ 50,000ಕ್ಕೂ ಜಾಸ್ತಿ ಕುಟುಂಬಕ್ಕೆ, ಆಗ ಬಹಳ ಜನ ಅದನ್ನು ಬರೀ ಮನೆ ಜಾಗದ ಕಾಗದ ಅಂದುಕೊಂಡರು. ಆದರೆ ಅದರ ಹಿಂದೆ ಇನ್ನೊಂದು ಕೆಲಸ ಆಗಿತ್ತು. ದಾಖಲೆಯಲ್ಲೇ ಇಲ್ಲದ ತಾಂಡಾಗಳು ಕಂದಾಯ ಗ್ರಾಮಗಳಾದವು. ಅಂದರೆ ಈಗ ನಿಮ್ಮ ತಾಂಡಾ ಸರ್ಕಾರದ ಲೆಕ್ಕದಲ್ಲಿ ಒಂದು ಊರು. ಊರು ಅಂದಮೇಲೆ ನೀರು, ದೀಪ, ರಸ್ತೆ ಕೇಳುವುದು ಸುಲಭವಾಯಿತು. ಕೇಳುವ ಜಾಗ ಮಾತ್ರ ಗೊತ್ತಿರಬೇಕು.

ಆ ಜಾಗ ಗ್ರಾಮಸಭೆಗಿಂತ ಮುಂಚೆ ನಡೆಯುವ ವಾರ್ಡ್ ಸಭೆ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಎರಡೂ ಸಭೆಗಳು ಆರು ತಿಂಗಳಿಗೆ ಒಂದು ಸಲವಾದರೂ ಆಗಬೇಕು. ಯಾವ ಓಣಿಗೆ ಏನು ಬೇಕು, ಮನೆ ಯಾರಿಗೆ ಕೊಡಬೇಕು ಅನ್ನುವ ಪಟ್ಟಿ ಹುಟ್ಟುವುದು ವಾರ್ಡ್ ಸಭೆಯಲ್ಲಿ. ಗ್ರಾಮಸಭೆಗೆ ಬರುವ ಹೊತ್ತಿಗೆ ಪಟ್ಟಿ ತಯಾರಾಗಿರುತ್ತದೆ, ಆಮೇಲೆ ಕೈ ಎತ್ತಿದರೆ ಎಲ್ಲರೂ ನಿಮ್ಮ ಮುಖ ನೋಡುತ್ತಾರೆ ಅಷ್ಟೇ. ವಾರ್ಡ್ ಸಭೆಗೆ ಎಷ್ಟು ಜನ ಬೇಕು ಗೊತ್ತಾ? ವಾರ್ಡಿನ ಮತದಾರರಲ್ಲಿ ನೂರಕ್ಕೆ ಹತ್ತು ಜನ, ಇಲ್ಲವೇ ಇಪ್ಪತ್ತು ಜನ, ಯಾವುದು ಕಡಿಮೆಯೋ ಅಷ್ಟು. ನಿಮ್ಮ ಹನ್ನೊಂದು ಮನೆಯಿಂದ ಮನೆಗಿಬ್ಬರು ಬಂದರೆ ಇಪ್ಪತ್ತೆರಡು. ನಿಮ್ಮ ಓಣಿಯವರೇ ಸೇರಿದರೂ ಕೋರಂ ಆಯಿತು!

ಇನ್ನು ನೀವು ಊರು ಬಿಡುವ ವಿಷಯ. ಇದೇ ದೊಡ್ಡ ತೊಡಕು. ಮುಂದಿನ ವರ್ಷದ ಯೋಜನೆ ಮಾಡುವ ಕೆಲಸ ಅಕ್ಟೋಬರ್ 2ರ ಗಾಂಧಿ ಜಯಂತಿ ಹೊತ್ತಿಗೆ ಶುರುವಾಗುತ್ತದೆ. ನೀವು ಹೋಗುವುದು ದೀಪಾವಳಿ ಆದಮೇಲೆ. ನಡುವೆ ಕೆಲವು ವಾರ ಸಿಗುತ್ತವೆ, ಆ ವಾರಗಳನ್ನು ಬಿಡಬೇಡಿ. ದಸರಾ ಹೊತ್ತಿಗೇ ತಾಂಡಾದ ನಾಯಕ್, ಕಾರಭಾರಿ, ಹೀಗೆ ಮುಖಂಡರೆಲ್ಲರನ್ನೂ ಸೇರಿಸಿ, ನಾವು ಇಂಥ ದಿನ ಊರು ಬಿಡುತ್ತೇವೆ, ಅದಕ್ಕೂ ಮುಂಚೆ ನಮ್ಮ ವಾರ್ಡ್ ಸಭೆ ಇಡಿ ಅಂತ ಪಂಚಾಯಿತಿಗೆ ಅರ್ಜಿ ಬರೆಯಿರಿ. ಎರಡು ಪ್ರತಿ ಮಾಡಿ. ಒಂದು ಅವರಿಗೆ, ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಂಡು ನೀವು ಇಟ್ಟುಕೊಳ್ಳಿ. ಆಗಲ್ಲ ಅಂದರೆ, ಯಾಕೆ ಆಗಲ್ಲ ಅಂತ ಹಿಂಬರಹ, ಅಂದರೆ ಬರಹದಲ್ಲಿ ಉತ್ತರ, ಕೊಡಿ ಅನ್ನಿ. ಬಾಯಲ್ಲಿ "ನಾಳೆ ಬಾ" ಅನ್ನುವವರೇ ಅದನ್ನು ಕಾಗದದ ಮೇಲೆ ಬರೆಯಲು ಹಿಂಜರಿಯುತ್ತಾರೆ, ನಾನು ಬಹಳ ಸಲ ನೋಡಿದ್ದೇನೆ.

ಸಭೆಯಲ್ಲಿ ಮಾತಾಡಿದರೆ ಮುಗಿಯಲಿಲ್ಲ, ನಡಾವಳಿ ಪುಸ್ತಕದಲ್ಲಿ ಏನು ಬರೆದರು ಅನ್ನುವುದೇ ಮುಖ್ಯ. ಸೇಡಂ ಕಡೆಯ ಒಂದು ಸಭೆಗೆ ಹೋಗಿದ್ದೆ. ಶಾಲೆಯ ಕಟ್ಟೆ ಮೇಲೆ ಸಭೆ. ಅರವತ್ತು ದಾಟಿದ ಒಬ್ಬ ಅವ್ವ ನೀರಿನ ಬಗ್ಗೆ ಹತ್ತು ನಿಮಿಷ ಮಾತಾಡಿದರು, ಎಲ್ಲರೂ ಹೌದು ಹೌದು ಅಂದರು. ಆಮೇಲೆ ಆಕೆ ಎದ್ದು ಹೋಗಿ, "ಅಣ್ಣಾ, ಏನು ಬರೆದೆ, ಓದಿ ಹೇಳು" ಅಂದರು. "ಕುಡಿಯುವ ನೀರಿನ ಬಗ್ಗೆ ಚರ್ಚಿಸಲಾಯಿತು" ಅಂತ ಒಂದೇ ಸಾಲು ಇತ್ತು. ಆ ಅವ್ವ ಬಿಡಲಿಲ್ಲ. "ಸೇವಾಲಾಲ್ ಗುಡಿ ಹಿಂದಿನ ಒಂಬತ್ತು ಮನೆಗೆ ಪೈಪು ಹಾಕಬೇಕು ಅಂತ ಬರಿ, ಮನೆ ಯಜಮಾನರ ಹೆಸರೂ ಬರಿ" ಅಂದರು. ಪುಸ್ತಕ ಮೊಣಕಾಲ ಮೇಲೆ ಇಟ್ಟುಕೊಂಡು ಒಂಬತ್ತು ಹೆಸರು ಬರೆಯುವತನಕ ಪಕ್ಕದಲ್ಲೇ ನಿಂತಿದ್ದರು. ಆಮೇಲೆಯೇ ಹೆಬ್ಬೆಟ್ಟು ಒತ್ತಿದ್ದು. ಅಕ್ಷರ ಬರದ ಆ ತಾಯಿಗೆ ಬರೆದ ಮಾತಿನ ಬೆಲೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಸಭೆಯೇ ಕರೆಯದಿದ್ದರೆ? ಗ್ರಾಮಸಭೆಯ ಸದಸ್ಯರಲ್ಲಿ ನೂರಕ್ಕೆ ಹತ್ತು ಜನ ವಿಷಯ ಬರೆದು ಸಹಿ ಹಾಕಿ ಕೇಳಿದರೆ ವಿಶೇಷ ಗ್ರಾಮಸಭೆ ಕರೆಯಬೇಕು. ಸಭೆ ಆಗಿದೆ ಅಂತ ಪುಸ್ತಕದಲ್ಲಿ ಮಾತ್ರ ಇದ್ದರೆ, 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಆ ನಡಾವಳಿ ಮತ್ತು ಹಾಜರಿ ಹಾಳೆಯ ನಕಲು ಕೇಳಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ, ಕಾರ್ಡಿನ ಜೆರಾಕ್ಸ್ ಹಚ್ಚಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಇರಬೇಕು. ಕಷ್ಟವೆಲ್ಲ ಅದರಲ್ಲಿ ಬರೆಯಬೇಡಿ, ಯಾವ ತಾರೀಖಿನ ಯಾವ ಕಾಗದ ಬೇಕು ಅಷ್ಟೇ ಬರೆಯಿರಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೊದಲ ಮೇಲ್ಮನವಿ, ಅದಕ್ಕೂ ಬಗ್ಗದಿದ್ದರೆ ಮಾಹಿತಿ ಆಯೋಗ. ಆಯೋಗದ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ಓಡಬೇಕಿಲ್ಲ.

ಪ್ರಶ್ನೆ: ನಮ್ಮವ್ವನಿಗೆ ಸಂಧ್ಯಾ ಸುರಕ್ಷಾ ಪಿಂಚಣಿ 1,200 ರೂಪಾಯಿ ಬರುತ್ತಿತ್ತು. ನಾಲ್ಕು ತಿಂಗಳಿಂದ ನಿಂತಿದೆ. ಬ್ಯಾಂಕಿನವರು ಬಂದಿಲ್ಲ ಅಂತಾರೆ, ತಹಶೀಲ್ದಾರ್ ಆಫೀಸಿನವರು ಹಾಕಿದ್ದೇವೆ ಅಂತಾರೆ. ನಾನು ಹೈದರಾಬಾದಿನಲ್ಲಿ ಕೆಲಸಕ್ಕಿದ್ದೇನೆ, ಪದೇ ಪದೇ ರಜೆ ಸಿಗಲ್ಲ.
— ಓದುಗರು, ಔರಾದ್ ತಾಲ್ಲೂಕು

ಉತ್ತರ: ತಮ್ಮಾ, ಇಬ್ಬರೂ ನಿಜ ಹೇಳುತ್ತಿರಬಹುದು. ನನ್ನ ಸೋದರತ್ತೆಗೆ ಇದೇ ಆಯಿತು. ಭಾಲ್ಕಿಯಿಂದ ಮೂರು ಸಲ ಓಡಾಡಿದರು. ಬಸ್ಸು ಪುಕ್ಕಟೆ ಇರಬಹುದು, ಆದರೆ ಮೂರು ದಿನದ ಕೂಲಿ ಹೋಯಿತಲ್ಲ. ಕೊನೆಗೆ ಗೊತ್ತಾಗಿದ್ದು ಏನು? ಮಹಿಳಾ ಸಂಘದ ಸಾಲಕ್ಕಾಗಿ ಅವರಿಂದ ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ಮಾಡಿಸಿದ್ದರು, ಆಧಾರ್ ಅದಕ್ಕೆ ಜೋಡಣೆ ಆಗಿತ್ತು. ಸರ್ಕಾರದ ದುಡ್ಡು ಆಧಾರ್ ನಂಬರ್ ಹಿಡಿದು ಹೋಗುತ್ತದೆ, ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗಿ ಬೀಳುತ್ತದೆ. ಹಳೇ ಪಾಸ್‌ಬುಕ್ಕನ್ನು ಎಷ್ಟು ಸಲ ಎಂಟ್ರಿ ಮಾಡಿಸಿದರೂ ಅಲ್ಲಿ ಕಾಣುವುದಿಲ್ಲ. ಐದು ತಿಂಗಳ ಹಣ ಆ ಹೊಸ ಖಾತೆಯಲ್ಲಿ ಹಾಗೇ ಕೂತಿತ್ತು. ಅದನ್ನು ಕೈಗೆ ತಗೊಂಡಾಗ ನಮ್ಮತ್ತೆ ಎಣಿಸಲೂ ಇಲ್ಲ, ಸೆರಗಿನಲ್ಲಿ ಕಟ್ಟಿಕೊಂಡು ಅತ್ತುಬಿಟ್ಟರು.

ನೀನು ಇದನ್ನು ಹೈದರಾಬಾದಿನಿಂದಲೇ ನೋಡಬಹುದು. ಆಧಾರ್ ವೆಬ್‌ಸೈಟಿನಲ್ಲಿ ಅವ್ವನ ನಂಬರ್ ಹಾಕಿ, ಮೊಬೈಲಿಗೆ ಬರುವ ಓಟಿಪಿ ಕೊಟ್ಟರೆ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ತೋರಿಸುತ್ತದೆ. ಆ ಓಟಿಪಿ ಅವ್ವ ನಿನಗೆ ಮಾತ್ರ ಹೇಳಲಿ, ಪಿಂಚಣಿ ಆಫೀಸಿನವರು ಅಂತ ಫೋನ್ ಮಾಡುವ ಯಾರಿಗೂ ಹೇಳಬಾರದು. ಜೋಡಣೆ ಸರಿ ಇದ್ದೂ ಹಣ ಇಲ್ಲ ಅಂದರೆ ನಾಡಕಚೇರಿಗೆ ಅರ್ಜಿ. ಅಲ್ಲಿ ಅರ್ಜಿ ಕೊಟ್ಟಾಗ ಸಕಾಲ ನಂಬರ್ ಇರುವ ಸ್ವೀಕೃತಿ ಚೀಟಿ ಬರಬೇಕು, 15 ಅಂಕಿಯ ನಂಬರ್. 2012ರಿಂದ ಇದೆ ಈ ಪದ್ಧತಿ. ಸಕಾಲ ಪದ್ಧತಿಯಲ್ಲಿ ಇರುವ ಕೆಲಸ ಗೊತ್ತುಮಾಡಿದ ದಿನದೊಳಗೆ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿತನಕ ಪರಿಹಾರ ಕೇಳಬಹುದು. 20 ರೂಪಾಯಿ ದೊಡ್ಡದಲ್ಲ, ಆದರೆ ಆ ನಂಬರ್ ಇದ್ದರೆ ಅರ್ಜಿ ಕಳೆದುಹೋಯಿತು ಅಂತ ಯಾರೂ ಹೇಳಲು ಆಗುವುದಿಲ್ಲ.

ಇನ್ನೊಂದು. ಹೊಲದಲ್ಲಿ ಕಳೆ ಕಿತ್ತು, ತೊಗರಿ ಕೊಯ್ದು ಬೆರಳ ಗೆರೆ ಸವೆದಿದ್ದರೆ ಯಂತ್ರ ಹೆಬ್ಬೆಟ್ಟು ಹಿಡಿಯುವುದಿಲ್ಲ. ಆಗ ಕಣ್ಣಿನ ಸ್ಕ್ಯಾನ್ ಮಾಡಿ ಅಂತ ಕೇಳಲಿ. ಅವ್ವನನ್ನು ಸುಮ್ನೆ ವಾಪಸ್ ಕಳಿಸಲು ಬಿಡಬೇಡ.

ಪ್ರಶ್ನೆ: ನಾಲ್ಕು ಮನೆಯ ಪಾತ್ರೆ ತೊಳೆದು ಇಬ್ಬರು ಮಕ್ಕಳನ್ನು ಸಾಕುತ್ತಿದ್ದೇನೆ. ಗಂಡ ಬಿಟ್ಟುಹೋಗಿ ಎರಡು ವರ್ಷ. ಜೀವನಾಂಶಕ್ಕೆ ಕೇಸ್ ಹಾಕಲು ವಕೀಲರಿಗೆ ಕೊಡಲು ದುಡ್ಡಿಲ್ಲ.
— ಓದುಗರು, ಕಲಬುರಗಿ ನಗರ

ಉತ್ತರ: ವಕೀಲರಿಗೆ ನೀವು ಒಂದು ರೂಪಾಯಿಯೂ ಕೊಡಬೇಕಿಲ್ಲ ತಾಯಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಎಸ್‌ಸಿ ಎಸ್‌ಟಿ ಜನರಿಗೆ, ಅಂಗವಿಕಲರಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ. ಆದಾಯ ಎಷ್ಟು ಅಂತ ಕೇಳುವ ಹಾಗಿಲ್ಲ. ಜಿಲ್ಲಾ ಕೋರ್ಟ್ ಆವರಣಕ್ಕೆ ಹೋಗಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಎಲ್ಲಿ ಅಂತ ಕೇಳಿ. ಕೆಲಸ ಬಿಟ್ಟು ಹೋಗಲು ಆಗದಿದ್ದರೆ ಮೊದಲು 15100ಕ್ಕೆ ಫೋನ್ ಮಾಡಿ. ಆಧಾರ್, ಮದುವೆ ಫೋಟೋ ಅಥವಾ ಲಗ್ನಪತ್ರ, ಮಕ್ಕಳ ಜನನ ಪ್ರಮಾಣಪತ್ರ ಇಟ್ಟುಕೊಂಡಿರಿ. ಕೊಟ್ಟ ವಕೀಲರು ದುಡ್ಡು ಕೇಳಿದರೆ ಅದೇ ಪ್ರಾಧಿಕಾರಕ್ಕೆ ಬರೆದುಕೊಡಿ. ಹೆದರಬೇಡಿ, ಬೇರೆ ವಕೀಲರನ್ನು ಕೇಳುವುದಕ್ಕೂ ಅವಕಾಶ ಇದೆ.

ಪ್ರಶ್ನೆ: ನಾನು ಬಿಎ ಕೊನೆಯ ವರ್ಷ. 371 ಜೆ ಸರ್ಟಿಫಿಕೇಟ್ ಮಾಡಿಸು ಅಂತಾರೆ, ಅದರಿಂದ ನಿಜವಾಗಿ ಏನು ಉಪಯೋಗ? ಪರೀಕ್ಷೆಗೆ ಓದಲು ಪುಸ್ತಕವೂ ಇಲ್ಲ. ನಮ್ಮೂರ ಗ್ರಂಥಾಲಯಕ್ಕೆ ಹೋದಾಗಲೆಲ್ಲ ಬೀಗ.
— ಓದುಗರು, ಶಹಾಪುರ ತಾಲ್ಲೂಕು

ಉತ್ತರ: ಈ ಪ್ರಶ್ನೆ ಓದಿ ನನಗೆ ಬಹಳ ಖುಷಿಯಾಯಿತು, ಬೇಜಾರೂ ಆಯಿತು. ಕೊನೆಯ ವರ್ಷಕ್ಕೆ ಬರುವತನಕ ಯಾರೂ ನಿನಗೆ ಇದನ್ನು ಕೂರಿಸಿ ಹೇಳಲಿಲ್ಲವಲ್ಲ.

ಯಾವ ಭಾಗ ಎಷ್ಟು ಹಿಂದುಳಿದಿದೆ ಅಂತ ನೋಡಲು ಸರ್ಕಾರ ಮಾಡಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳು 39 ಅಂದಿತು. ಅದರಲ್ಲಿ 21 ನಮ್ಮ ಕಲಬುರಗಿ ವಿಭಾಗದಲ್ಲೇ ಇದ್ದವು. ವರ್ಷಗಟ್ಟಲೆ ಹೋರಾಟ ನಡೆದು ಸಂವಿಧಾನಕ್ಕೆ 98ನೇ ತಿದ್ದುಪಡಿ ಆಯಿತು, 2013ರಿಂದ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371 ಜೆ ವಿಧಿ ಜಾರಿಗೆ ಬಂತು. ಕಲ್ಯಾಣ ಕರ್ನಾಟಕದ ಸರ್ಕಾರಿ ಕೆಲಸಗಳಲ್ಲಿ ಸ್ಥಳೀಯರಿಗೆ ಎ ಮತ್ತು ಬಿ ಗುಂಪಿನಲ್ಲಿ ನೂರಕ್ಕೆ 75, ಸಿ ಗುಂಪಿನಲ್ಲಿ 80, ಡಿ ಗುಂಪಿನಲ್ಲಿ 85. ಈ ಭಾಗದ ಕಾಲೇಜು ಸೀಟುಗಳಲ್ಲಿ 70. ಹೊರಗಿನ ಜಿಲ್ಲೆಯ ರಾಜ್ಯಮಟ್ಟದ ಸಂಸ್ಥೆಗಳಲ್ಲೂ 8 ಇದೆ, ಇದನ್ನು ಬಹಳ ಮಕ್ಕಳು ಮರೆತುಬಿಡುತ್ತಾರೆ.

ಸರ್ಟಿಫಿಕೇಟ್ ಕೊಡುವವರು ಉಪವಿಭಾಗಾಧಿಕಾರಿ, ಜನ ಎಸಿ ಸಾಹೇಬರು ಅನ್ನುತ್ತಾರಲ್ಲ ಅವರು. ನೇಮಕಾತಿ ಕರೆದಮೇಲೆ ಓಡಿದರೆ ಸಾಲು ನಿಂತಿರುತ್ತದೆ, ಈಗಲೇ ಮಾಡಿಸು. ಒಂದು ಎಚ್ಚರಿಕೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಸ್ಪೆಲಿಂಗ್, ಆಧಾರಿನಲ್ಲಿ ಇನ್ನೊಂದು ಇದ್ದರೆ ಮೊದಲು ಅದನ್ನು ಸರಿ ಮಾಡಿಸಿಕೋ. ಒಂದು ಅಕ್ಷರಕ್ಕೆ ಕೆಲಸ ಕಳಕೊಂಡ ಹುಡುಗನನ್ನು ನಾನು ಕಣ್ಣಾರೆ ನೋಡಿದ್ದೇನೆ. ದಾಖಲೆ ಪರಿಶೀಲನೆ ದಿನ ಬಸ್ ಸ್ಟ್ಯಾಂಡಿನಲ್ಲಿ ಫೈಲ್ ಎದೆಗೆ ಅವಚಿಕೊಂಡು ಕೂತಿದ್ದ.

ಇನ್ನು ಬೀಗ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರ ಅನ್ನುತ್ತಾರೆ. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ, ನಿನ್ನ ತಮ್ಮ ತಂಗಿಯರಿದ್ದರೆ ಇವತ್ತೇ ಹೆಸರು ಹಚ್ಚಿಸು. ನಿಮ್ಮಪ್ಪ ಕಟ್ಟುವ ಮನೆ ಕಂದಾಯದ ರಸೀದಿ ತೆಗೆದು ನೋಡು, ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ಅಂದರೆ ಆ ಬೀಗದ ಒಳಗಿನ ಪುಸ್ತಕಗಳಿಗೆ ನಿಮ್ಮ ಮನೆ ದುಡ್ಡು ಹೋಗಿದೆ. ನಿನ್ನಂತೆ ಓದುವವರು ಐದಾರು ಜನ ಸೇರಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಅರ್ಜಿ ಕೊಡಿ. ಬಾಗಿಲು ತೆಗೆಯುವ ಸಮಯವನ್ನು ಬೋರ್ಡಿನಲ್ಲಿ ಬರೆಸಿ ಅಂತ ಒಂದು, ಸ್ಪರ್ಧಾತ್ಮಕ ಪರೀಕ್ಷೆಯ ಇಂಥಿಂಥ ಪುಸ್ತಕ ತರಿಸಿ ಅಂತ ಇನ್ನೊಂದು. ಪುಸ್ತಕದ ಪಟ್ಟಿಯನ್ನು ನೀವೇ ಮಾಡಿ ಕೊಡಿ, ಅವರು ಮಾಡಲಿ ಅಂತ ಕಾಯಬೇಡಿ. ಮೇಲೆ ಚಿತ್ತಾಪುರದ ತಂಗಿಗೆ ಹೇಳಿದ ಸೀಲು, ಸಹಿಯ ಮಾತು ಇಲ್ಲಿಯೂ ಅಷ್ಟೇ.

ಪ್ರಶ್ನೆ: ಆರು ವರ್ಷ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸ ಮಾಡಿ ಊರಿಗೆ ಬಂದಿದ್ದೇನೆ. ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ತೆಗೆದಿದ್ದಾರೆ. ಚುನಾವಣೆ ಬಂದಾಗ ಸೇರಿಸಿದರೆ ನಡೆಯುತ್ತಾ?
— ಓದುಗರು, ಬಸವಕಲ್ಯಾಣ ತಾಲ್ಲೂಕು

ಉತ್ತರ: ಚುನಾವಣೆತನಕ ಕಾಯಬೇಡಿ ಅಣ್ಣಾ. ಗ್ರಾಮಸಭೆಯಲ್ಲಿ ಕೂರಲೂ ಆ ಪಟ್ಟಿಯೇ ಬೇಕು, ಮೇಲೆ ಓದಿದಿರಲ್ಲ. ಪುಣೆಯಲ್ಲಿ ಹೆಸರು ಹಚ್ಚಿಸಿದ್ದರೆ ನಮೂನೆ 8 ತುಂಬಿ ಇಲ್ಲಿಗೆ ವರ್ಗ ಮಾಡಿಸಿ. ಎಲ್ಲೂ ಇಲ್ಲದಿದ್ದರೆ ನಮೂನೆ 6. ಎರಡು ಕಡೆ ಹೆಸರು ಇಟ್ಟುಕೊಳ್ಳುವುದು ತಪ್ಪು, ಅದು ಬೇಡ. ಮತದಾರರ ಪಟ್ಟಿ ನೋಡಿಕೊಳ್ಳುವ ಊರಿನ ಮತಗಟ್ಟೆ ಅಧಿಕಾರಿ (ಬಿಎಲ್‌ಒ) ಯಾರು ಅಂತ ಗೊತ್ತಿಲ್ಲದಿದ್ದರೆ 1950ಕ್ಕೆ ಫೋನ್ ಮಾಡಿ ಕೇಳಿ, ಸಾಮಾನ್ಯವಾಗಿ ಶಾಲೆ ಮೇಷ್ಟ್ರೋ ಅಂಗನವಾಡಿ ಟೀಚರೋ ಇರುತ್ತಾರೆ. ಮನೆಯಲ್ಲಿ 18 ತುಂಬುವ ಮಗಳೋ ಮಗನೋ ಇದ್ದರೆ ಅವರ ಅರ್ಜಿಯನ್ನೂ ಜೊತೆಗೇ ಕೊಡಿ. ಮೊದಲಿನ ಹಾಗೆ ಜನವರಿ 1 ಒಂದೇ ಅಲ್ಲ, ಈಗ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1ಕ್ಕೆ 18 ತುಂಬಿದವರನ್ನೂ ಸೇರಿಸುತ್ತಾರೆ. ಅರ್ಜಿ ಕೊಟ್ಟಮೇಲೆ ನಂಬರ್ ಬರೆದುಕೊಂಡು ಬನ್ನಿ.